ಹುರುಳಿಕಾಳು, ದರಗು, ರಂಗೋಲಿ ವೃತ್ತ: ಮಳೆಕಾಡನ್ನು ತರಗತಿಗೆ ತರುವ ಬಗೆ

ಮಳೆಕಾಡು ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಅಮೆಜಾನ್ ಎನ್ನುತ್ತಾರೆ. ಸಕಲೇಶಪುರದ ಮಕ್ಕಳೂ ಅದನ್ನೇ ಹೇಳುತ್ತಾರೆ, ಮೂಡಿಗೆರೆಯವರೂ ಅದನ್ನೇ. ಬಿಸಿಲೆ, ಚಾರ್ಮಾಡಿ, ಕುದುರೆಮುಖ ಅವರ ಪಾಲಿಗೆ ಬರೀ ‘ಕಾಡು’. ಪುಸ್ತಕದ ಚಿತ್ರದಲ್ಲಿರುವುದೇ ಬೇರೆ, ಊರ ಹಿಂದೆ ಇರುವುದೇ ಬೇರೆ ಎಂಬ ಈ ತಿಳಿವಳಿಕೆ ಹೋಗದೆ ಒರಾಂಗುಟಾನ್, ಘೇಂಡಾಮೃಗಗಳ ಪಾಠ ಮಾಡಿದರೆ ಅದು ಪರೀಕ್ಷೆಯ ಮಾರನೆಯ ದಿನಕ್ಕೇ ಮುಗಿಯುತ್ತದೆ. ಆದ್ದರಿಂದ ಇಲ್ಲಿನ ಚಟುವಟಿಕೆಗಳು ಹತ್ತಿರದಿಂದ ದೂರಕ್ಕೆ ಹೋಗುತ್ತವೆ. ಮೊದಲು ಬಿಸಿಲೆ, ಆಮೇಲೆ ಒರಾಂಗುಟಾನಿನ ದ್ವೀಪ ಬೋರ್ನಿಯೊ. ಐದರಿಂದ ಒಂಬತ್ತನೆಯ ತರಗತಿಗೆ, ಸುಮಾರು 40 ಮಕ್ಕಳಿಗೆ, 40 ನಿಮಿಷದ ಪಿರಿಯಡ್‌ಗೆ ಹೊಂದುವಂತೆ ಅಳತೆಗಳನ್ನು ಕೊಟ್ಟಿದೆ. ಹೆಚ್ಚಿನ ಸಾಮಾನು ಮನೆಯಲ್ಲೇ ಸಿಗುತ್ತದೆ.

ಸೀರೆಯ ಮೇಲೆ 45 ಮೀಟರ್ ಮರ

ಕಾಡಿನ ಅಂತಸ್ತುಗಳನ್ನು ಚಾರ್ಟಿನಲ್ಲಿ ಬರೆಸುವುದು ಎಲ್ಲರಿಗೂ ಗೊತ್ತು. ಅಳತೆಯಿಲ್ಲದ ಚಾರ್ಟಿನಿಂದ ಮಾತ್ರ ಏನೂ ಸಿಗುವುದಿಲ್ಲ: ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಆನೆಯಷ್ಟು ದೊಡ್ಡದಾಗುತ್ತದೆ, ಮರ ಆನೆಯ ಬೆನ್ನಿನ ಮಟ್ಟಕ್ಕೆ ನಿಲ್ಲುತ್ತದೆ. ಅಳತೆ ಇಟ್ಟುಕೊಳ್ಳಿ. 1 ಮೀಟರಿಗೆ 6 ಸೆಂ.ಮೀ. ಎಂದುಕೊಂಡರೆ 45 ಮೀಟರಿನ ಮರ 270 ಸೆಂ.ಮೀ. ಆಗುತ್ತದೆ.

ಕಾಗದವನ್ನು ಗೋಡೆಗೆ ಅಂಟಿಸಲು ಹೋಗಬೇಡಿ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನ ಗೋಡೆ ಬೆವರುತ್ತದೆ. ಮೈದಾ ಅಂಟು ವಾರದೊಳಗೆ ಬಿಡುತ್ತದೆ, ಉಳಿದದ್ದನ್ನು ಜಿರಲೆ ತಿನ್ನುತ್ತದೆ. ಹಳೆಯ ಸೀರೆಯೇ ಒಳ್ಳೆಯದು. ಐದೂವರೆ ಮೀಟರಿನ ಸೀರೆಯನ್ನು ಬಿದಿರು ಗಳದ ಮೇಲೆ ಅರ್ಧಕ್ಕೆ ಮಡಚಿ ಇಳಿಬಿಟ್ಟರೆ ಸರಿಯಾಗಿ 275 ಸೆಂ.ಮೀ. ಉದ್ದ, ಎರಡು ಪದರ. ಎರಡು ಪದರವಿದ್ದರೆ ಗುಂಡುಸೂಜಿ ಜಾರುವುದಿಲ್ಲ. ಮೂರು ಸೀರೆ ಪಕ್ಕಪಕ್ಕ ಇಳಿಬಿಟ್ಟರೆ ಇಡೀ ತರಗತಿಗೆ ಜಾಗ ಸಾಲುತ್ತದೆ. ಹೂಬಳ್ಳಿಯ ಸೀರೆ ಬೇಡ, ಚಿತ್ರ ಕಾಣುವುದಿಲ್ಲ.

ಕೆಳಗಿನಿಂದ 30 ಸೆಂ.ಮೀ.ಗೆ ಒಂದು ಗೆರೆ (ಪೊದೆ, ಸಸಿ), 120ಕ್ಕೆ ಇನ್ನೊಂದು (ನೆರಳಿನ ಚಿಕ್ಕ ಮರಗಳು), 210ಕ್ಕೆ ಮತ್ತೊಂದು (ಕಾಡಿನ ಚಾವಣಿ). ಅದರ ಮೇಲೆ ತಲೆಯೆತ್ತಿದ ಒಂದೊಂದೇ ಹೆಮ್ಮರ. ಧೂಪ, ನಾಗಸಂಪಿಗೆ, ಹೆಬ್ಬಲಸು ಮೇಲಿನವು. ರಾಂಪತ್ರೆ, ಬೈನೆ ನಡುವಿನವು. ಬೆತ್ತ ನೆಲದಲ್ಲಿ ಬೇರಿಟ್ಟು ಮುಳ್ಳು ಸಿಕ್ಕಿಸಿಕೊಂಡು ಮೇಲೇರುತ್ತದೆ. ಇನ್ನು ಪ್ರಾಣಿಗಳು: 2.7 ಮೀಟರ್ ಎತ್ತರದ ಆನೆ 16 ಸೆಂ.ಮೀ., 4 ಮೀಟರಿನ ಕಾಳಿಂಗ ಸರ್ಪ 24 ಸೆಂ.ಮೀ., ಕೊಕ್ಕಿನಿಂದ ಬಾಲದ ತುದಿಗೆ ಸುಮಾರು ಒಂದು ಮೀಟರ್ ಇರುವ ದೊಡ್ಡ ಮಂಗಟ್ಟೆ 6 ಸೆಂ.ಮೀ. ಕೊನೆಗೆ ಪ್ರತಿ ಮಗುವೂ ತನ್ನದೇ ಎತ್ತರ ಅಳೆದು ಅಷ್ಟೇ ಪ್ರಮಾಣದ ಗೊಂಬೆ ಕತ್ತರಿಸಲಿ. 130 ಸೆಂ.ಮೀ. ಎತ್ತರದ ಹುಡುಗಿ ಸುಮಾರು 8 ಸೆಂ.ಮೀ. ಆಗುತ್ತಾಳೆ. ಅದನ್ನು ಮರದ ಬುಡದಲ್ಲಿ ಚುಚ್ಚಿದಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಆ ನೆಲಕ್ಕೆ ಮೇಲಿನ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇಳಿಯುತ್ತದೆ ಎಂದು ಹೇಳಲು ಅದೇ ಹೊತ್ತು.

ಮರಕೆಸುವನ್ನು ಮರೆಯಬೇಡಿ. ಪತ್ರೊಡೆ ತಿಂದ ಮಕ್ಕಳಿಗೆ ಅದು ಮರದ ಮೇಲೆ ಬೆಳೆಯುತ್ತದೆಂದು ಗೊತ್ತು, ಆದರೆ ಮರದ ರಸ ಹೀರುತ್ತದೆ ಎಂದುಕೊಂಡಿರುತ್ತಾರೆ. ಮರಕೆಸು, ಸೀತಾಳೆ ದಂಡೆ ಮರದ ಮೇಲೆ ಕೂತಿರುತ್ತವೆ ಅಷ್ಟೆ. ರಸ ಹೀರುವುದು ಬಂದಳಿಕೆ. ಮೂರನ್ನೂ ಬೇರೆ ಬೇರೆ ಬಣ್ಣದ ಕಾಗದದಲ್ಲಿ ಕತ್ತರಿಸಿ ಚುಚ್ಚಿಸಿ.

ಕೆಳಗೆ ಹಳ್ಳವೊಂದನ್ನು ಬರೆದು ಅದರ ಕಲ್ಲಿನ ಮೇಲೆ ಪುಟ್ಟ ಕಪ್ಪೆಯನ್ನೂ ಕೂರಿಸಿ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯೊಂದಿದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಕೇಳದೆ ಹೋಗುವುದರಿಂದ ಈ ಜಾತಿಯ ಗಂಡುಗಳು ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತವೆ. ನೀರ್‌ದೋಸೆ ತಿನ್ನಲು ಬಸ್ಸು ನಿಲ್ಲುವ ಊರಿನ ಹೆಸರು ಜೀವವಿಜ್ಞಾನದ ಪಟ್ಟಿಯಲ್ಲಿದೆ ಎಂಬುದು ಮಕ್ಕಳಿಗೆ ಮರೆತುಹೋಗುವ ಮಾತಲ್ಲ.

ಒಂದು ಚದರ ಮೀಟರ್ ನೆಲ

ಜೀವವೈವಿಧ್ಯ ಎಂಬ ಮಾತಿಗೆ ವ್ಯಾಖ್ಯಾನ ಬರೆಸುವ ಮೊದಲು ಎಣಿಸಲು ಕಳಿಸಿ. ಐದೈದು ಮಕ್ಕಳ ಎಂಟು ಗುಂಪು. ಪ್ರತಿ ಗುಂಪಿಗೆ ನಾಲ್ಕೂವರೆ ಮೀಟರ್ ಹಗ್ಗ, ನಾಲ್ಕು ಗೂಟ, ಸ್ಕೇಲು, ಪೆನ್ಸಿಲು (ಪೆನ್ನಿನ ಶಾಯಿ ಮಂಜಿಗೆ ಹರಡುತ್ತದೆ). ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ. ಉಳಿದ ಅರ್ಧ ಮೀಟರ್ ಗಂಟಿಗೇ ಹೋಗುತ್ತದೆ. ಗಂಟುಗಳನ್ನು ಮೂಲೆಗಿಟ್ಟು ಗೂಟ ಹೊಡೆದರೆ ಚೌಕ ಸಿದ್ಧ.

ಮೂರು ಕಡೆ ಎಣಿಸಬೇಕು: ಅತ್ತಿ, ಗೋಣಿ, ಹಲಸು ಮುಂತಾದ ಕಾಡುಮರಗಳ ನೆರಳಿರುವ ಕಾಫಿ ತೋಟ, ಬರೀ ಸಿಲ್ವರ್ ಓಕ್ ನೆರಳಿನ ತೋಟ, ಶಾಲೆಯ ಮೈದಾನ. ಸಿಲ್ವರ್ ಆಸ್ಟ್ರೇಲಿಯಾದಿಂದ ಬಂದ ಮರ. ಮೆಣಸಿನ ಬಳ್ಳಿಗೂ ಮಾರಾಟಕ್ಕೂ ಅನುಕೂಲವೆಂದು ತೋಟ ತುಂಬಿದೆ. ಪ್ರತಿ ಚೌಕದಲ್ಲಿ 15 ನಿಮಿಷ, ಮೂರು ದಾಖಲೆ: ಎಷ್ಟು ಬಗೆಯ ಸಸಿ (ಕಾಫಿ ಗಿಡ ಲೆಕ್ಕಕ್ಕಿಲ್ಲ), ಮೂರು ಜಾಗದಲ್ಲಿ ದರಗಿನ (ಉದುರಿದ ಒಣ ಎಲೆಯ ಹಾಸಿನ) ದಪ್ಪ, ಕಣ್ಣಿಗೆ ಬಿದ್ದ ಹುಳಹುಪ್ಪಟೆ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಮಕ್ಕಳೇ ಅಡ್ಡಹೆಸರಿಡಲಿ: ‘ಗರಗಸದಂಚು’, ‘ರೋಮದೆಲೆ’. ಒಂದೊಂದು ಎಲೆಯನ್ನು ರಟ್ಟಿಗೆ ಅಂಟಿಸಿ ಆ ಹೆಸರು ಬರೆದು ಎಲ್ಲ ಗುಂಪುಗಳ ನಡುವೆ ಸುತ್ತಿಸಿ. ಈ ರಟ್ಟು ಇಲ್ಲದಿದ್ದರೆ ಒಂದೇ ಗಿಡದ ಚಿಗುರು, ಬಲಿತ ಎಲೆ ಎರಡು ಬಗೆಯಾಗಿ ಎಣಿಕೆಗೆ ಬರುತ್ತವೆ. ಎಣಿಕೆ ಕೆಡುವುದು ಹೆಚ್ಚಾಗಿ ಇಲ್ಲೇ.

ತರಗತಿಗೆ ಬಂದ ಮೇಲೆ ಒಟ್ಟು ಮಾಡುವ ಬಗೆಯಲ್ಲಿ ಪಾಠವಿದೆ. ಮೊದಲ ಚೌಕದಲ್ಲಿ 9 ಬಗೆ ಸಿಕ್ಕಿತು ಎನ್ನಿ. ಎರಡನೆಯದರಲ್ಲಿ 7 ಇದ್ದು ಅದರಲ್ಲಿ ಹೊಸವು 4. ಒಟ್ಟು 13. ಹೀಗೆ ಎಂಟು ಚೌಕಗಳಿಗೂ ಹೊಸದನ್ನು ಮಾತ್ರ ಕೂಡಿಸುತ್ತ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿಸಿ. ಮೈದಾನದ ಗೆರೆ ಮೂರನೆಯ ಚೌಕಕ್ಕೋ ನಾಲ್ಕನೆಯದಕ್ಕೋ ಚಪ್ಪಟೆಯಾಗುತ್ತದೆ. ಕಾಡುಮರದ ತೋಟದ್ದು ಎಂಟಕ್ಕೂ ಏರುತ್ತಿದ್ದರೆ, ಇನ್ನೂ ಎಣಿಸದೆ ಉಳಿದದ್ದಿದೆ ಎಂದರ್ಥ. ಮಳೆಕಾಡಿನಲ್ಲಿ ಈ ಗೆರೆ ಬೇಗ ಮಲಗುವುದೇ ಇಲ್ಲ.

ಒಂದು ಎಚ್ಚರಿಕೆ: ಕಳೆ ಕೊಚ್ಚಿ ವಾರವಾಗಿರುವ ತೋಟದಲ್ಲಿ ಎಣಿಸಿದರೆ ಸಿಗುವುದು ಮರದ ಲೆಕ್ಕವಲ್ಲ, ಕತ್ತಿಯ ಲೆಕ್ಕ. ಕಳೆ ತೆಗೆದದ್ದು ಯಾವಾಗ, ಔಷಧಿ ಹೊಡೆದಿದ್ದಾರೆಯೇ ಎಂದು ತೋಟದ ರೈಟರನ್ನು ಮೊದಲೇ ಕೇಳಿ. ಔಷಧಿ ಹೊಡೆದಿದ್ದರೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರಿನಿಂದ ಅರೇಬಿಕಾ ಕೊಯ್ಲು ಶುರು, ತೋಟದವರಿಗೆ ಪುರುಸೊತ್ತಿರುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಗಾರ್ಡನ್ನು ಅದೇ ದಿನ ಬೆಳಿಗ್ಗೆ ವಿಚಾರಿಸಿ. ನಿನ್ನೆಯ ಸುದ್ದಿ ಸಾಲದು. ಬೆಳಿಗ್ಗೆ ಒಂಬತ್ತೂವರೆಯ ಮೇಲೆ ಹೊರಟು ಮೂರು ಗಂಟೆಯೊಳಗೆ ವಾಪಸಾಗಿ. ಇಂಬಳಕ್ಕೆ ಉಪ್ಪಿನ ಗಂಟು. ದರಗು ಕೆದಕಲು ಕಡ್ಡಿ ಬಳಸಬೇಕು, ಕೈ ಹಾಕಬಾರದು. ಅರಸೀಕೆರೆ, ಕಡೂರಿನ ಬಯಲುಸೀಮೆ ಶಾಲೆಗಳಿಗೆ ತೋಟ ದೂರ. ಹೊಂಗೆಮರದ ಅಡಿ, ಬೇಲಿಯ ಬುಡ, ಬಯಲು ಎಂದು ಮೂರು ಜಾಗ ಆರಿಸಿಕೊಂಡರೂ ಗ್ರಾಫು ಚೆನ್ನಾಗಿಯೇ ಬರುತ್ತದೆ.

ದರಗಿನ ಲಾಳಿಕೆ

ಕಣ್ಣಿಗೆ ಕಾಣದ ಜೀವಿಗಳನ್ನು ದರಗಿನಿಂದ ಇಳಿಸುವ ಉಪಾಯವಿದು. ಎರಡು ಲೀಟರಿನ ಬಾಟಲಿಯ ಕತ್ತನ್ನು ಕತ್ತರಿಸಿ, ತಲೆಕೆಳಗಾಗಿ ಉಳಿದ ಭಾಗದೊಳಗೆ ಕೂರಿಸಿ. ಮುಚ್ಚಳ ಬೇಡ. ಕುತ್ತಿಗೆಗೆ 3-4 ಮಿ.ಮೀ. ಕಣ್ಣಿನ ಜಾಲರಿ ಇಡಿ. ಸೊಳ್ಳೆಪರದೆ ಹಾಕಿದರೆ ಏನೂ ಇಳಿಯುವುದಿಲ್ಲ, ಕಣ್ಣು ತೀರಾ ಸಣ್ಣದು. ತಳದಲ್ಲಿ ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆ. ಮೇಲೆ ಎರಡು ಬೊಗಸೆ ಒದ್ದೆ ದರಗನ್ನು ಸಡಿಲವಾಗಿ ತುಂಬಿ.

ಮೇಲಿನಿಂದ ಬಿಸಿ ತಾಗಬೇಕು. ಹಳೆಯ ಪುಸ್ತಕಗಳಲ್ಲಿ ‘ಬಲ್ಬು ಉರಿಸಿ’ ಎಂದಷ್ಟೇ ಇರುತ್ತದೆ. ಈಗ ಶಾಲೆಯಲ್ಲಿರುವುದು ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಬಿಸಿ ಸಾಲದು. ಹುಳಗಳು ಅಲ್ಲೇ ಇರುತ್ತವೆ, ಪ್ರಯೋಗ ವಿಫಲವಾಯಿತೆಂದು ಟೀಚರು ಬೇಸರಪಡುತ್ತಾರೆ. ತಂತಿಯ 25-40 ವ್ಯಾಟ್ ಬಲ್ಬನ್ನು 15 ಸೆಂ.ಮೀ. ಮೇಲೆ ತೂಗಿಬಿಟ್ಟು ಒಂದು ದಿನ ಇಡಿ. ಬಲ್ಬು ಇನ್ನೂ ಕೆಳಗಿದ್ದರೆ ದರಗು ಬೇಗ ಒಣಗಿ ಹುಳಗಳು ಇಳಿಯುವ ಮೊದಲೇ ಸಾಯುತ್ತವೆ. ಕರೆಂಟು ನಂಬುವಂತಿಲ್ಲದ ಊರಿನಲ್ಲಿ ಬಾಟಲಿಯ ಕೆಳಭಾಗಕ್ಕೆ ಕಪ್ಪು ಕಾಗದ ಸುತ್ತಿ ಎಳೆಬಿಸಿಲಿಗೆ ಎರಡು ಮೂರು ಗಂಟೆ ಇಟ್ಟರೂ ಆಗುತ್ತದೆ. ಬಿಳಿ ಬಟ್ಟೆಯ ಮೇಲೆ ಎಳ್ಳಿಗಿಂತ ಚಿಕ್ಕ ಚಿಮ್ಮುವ ಜೀವಿಗಳು, ನುಸಿ, ಎಳೆ ಸಹಸ್ರಪದಿ, ಇರುವೆ ಕಾಣುತ್ತವೆ. ಲೆನ್ಸ್ ಹಿಡಿದು ಬಗೆ ಎಣಿಸಿ, ಅದೇ ಮರದ ಬುಡಕ್ಕೆ ಬಟ್ಟೆ ಕೊಡವಿ. ದರಗು ತುಂಬುವ ಮೊದಲು ಜರಿ ಇದೆಯೇ ನೋಡಿ ತೆಗೆದುಹಾಕಿ, ಕಚ್ಚುತ್ತದೆ.

ಸಿಂಗಳೀಕದ ಆಟ

ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕುದುರೆಮುಖದಲ್ಲಿದೆ. ಉತ್ತರ ಕನ್ನಡದಲ್ಲಿ ಅದರ ಹೆಸರಿನಲ್ಲೇ ಅಘನಾಶಿನಿ ಸಂರಕ್ಷಣಾ ಮೀಸಲು 2011ರಲ್ಲಿ ಆಯಿತು. ಬದುಕೆಲ್ಲ ಹೆಚ್ಚುಕಡಿಮೆ ಮರದ ಮೇಲೇ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದಕ್ಕೆ ದಾರಿ ಇಲ್ಲ.

ಮೈದಾನದಲ್ಲಿ ರಂಗೋಲಿ ಪುಡಿಯಿಂದ (ಸುಣ್ಣದ ಪುಡಿ ಬೇಡ, ಕಣ್ಣುರಿ) 45 ಸೆಂ.ಮೀ. ಅಗಲದ 30 ವೃತ್ತ ಬರೆಯಿರಿ. ಐದು ಸಾಲು, ಸಾಲಿಗೆ ಆರು, ನಡುವೆ 60 ಸೆಂ.ಮೀ. ಪ್ರತಿ ವೃತ್ತದಲ್ಲಿ ಎರಡು ಹುಣಸೆಬೀಜ. 12 ಮಕ್ಕಳು ಸಿಂಗಳೀಕಗಳು. ಎರಡು ನಿಮಿಷದಲ್ಲಿ ಒಬ್ಬೊಬ್ಬರೂ ನಾಲ್ಕು ಬೀಜ ಕೂಡಿಸಬೇಕು, ಒಂದು ವೃತ್ತಕ್ಕೆ ಹೋದಾಗ ಒಂದೇ ಬೀಜ ತೆಗೆಯಬೇಕು, ನಾಲ್ಕಾದವರು ಹೊರಗೆ ಬಂದು ಕೂರಬೇಕು. ಈ ಎರಡು ನಿಯಮ ಬಿಟ್ಟರೆ ಬಲಿಷ್ಠ ಹುಡುಗರಿಬ್ಬರು ಬಾಚಿಕೊಂಡು ಆಟ ಕೆಡಿಸುತ್ತಾರೆ. ಬೀಜ 60, ಬೇಕಾದದ್ದು 48. ಮೊದಲ ಸುತ್ತಿನಲ್ಲಿ ಎಲ್ಲರ ಹೊಟ್ಟೆಯೂ ತುಂಬುತ್ತದೆ.

ಎರಡನೆಯ ಸುತ್ತಿಗೆ ಎಡದಿಂದ ಎರಡನೆಯ ಸಾಲನ್ನು ಅಳಿಸಿ, ಅದು ರಸ್ತೆ. ಉಳಿದ 24 ವೃತ್ತಕ್ಕೆ ಮತ್ತೆ ಎರಡೆರಡು ಬೀಜ. ಒಟ್ಟು 48, ಅಂದರೆ 12 ಸಿಂಗಳೀಕಗಳಿಗೆ ಲೆಕ್ಕಕ್ಕೆ ಸರಿ. ಆದರೆ ಆರು ಮಕ್ಕಳನ್ನು ರಸ್ತೆಯ ಎಡಕ್ಕೆ, ಆರನ್ನು ಬಲಕ್ಕೆ ನಿಲ್ಲಿಸಿ. ಎಡಕ್ಕೆ ಆರೇ ಮರ, 12 ಬೀಜ, ಮೂವರಿಗೆ ಸಾಕು, ಮೂವರು ಉಪವಾಸ. ಬಲಕ್ಕೆ ಎಲ್ಲರೂ ಉಂಡ ಮೇಲೂ 12 ಬೀಜ ಬಿದ್ದಿರುತ್ತದೆ. ರಸ್ತೆ ದಾಟುವಂತಿಲ್ಲ. ಅಂತರ 165 ಸೆಂ.ಮೀ., ಎಂಟನೆಯ ತರಗತಿಯವರು ಹಾರಿಯೇ ಬಿಡುತ್ತಾರೆ. ಆದ್ದರಿಂದ ಹಾರಿದವರು ವಾಹನಕ್ಕೆ ಸಿಕ್ಕಂತೆ ಎಂದು ಮೊದಲೇ ಸಾರಿ. ‘ಕಾಡು ಇನ್ನೂ ಇಷ್ಟಿದೆಯಲ್ಲ’ ಎಂಬ ಮಾತು ಎಲ್ಲಿ ತಪ್ಪುತ್ತದೆ ಎಂದು ಆ ಬಿದ್ದ 12 ಬೀಜ ತೋರಿಸುತ್ತವೆ. ಮೂರನೆಯ ಸುತ್ತಿಗೆ ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ ಹಾಸಿ, ಒಂದು ಸಲಕ್ಕೆ ಒಬ್ಬರಂತೆ ದಾಟಲು ಬಿಡಿ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಕಟ್ಟಿದ ಇಂಥ ಸೇತುವೆಗಳನ್ನು ಸಿಂಗಳೀಕಗಳು ಬಳಸುತ್ತವೆ.

ಅತ್ತಿಮರ ಕೈಬಿಟ್ಟರೆ

ದಾರ ಹಿಡಿದು ಆಹಾರ ಜಾಲ ಆಡಿಸುವ ಪದ್ಧತಿಯಲ್ಲಿ ಎರಡು ತೊಡಕಿವೆ. ಒಂದೇ ಉಂಡೆ ದಾರ ಗೋಜಲಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಾರು ಎಳೆದರೂ ಎಲ್ಲರಿಗೂ ತಾಗುವುದರಿಂದ ಎಲ್ಲ ಜೀವಿಯೂ ಒಂದೇ ತೂಕ ಎಂಬ ತಪ್ಪು ಕಲ್ಪನೆ ಕೂರುತ್ತದೆ. ಉಂಡೆಯ ಬದಲು ಮೂರು ಮೂರು ಮೀಟರಿನ ತುಂಡುಗಳನ್ನು ಕೊಡಿ.

ಒಂದೊಂದು ಮಗು ಒಂದೊಂದು ಜೀವಿ, ನಡುವೆ ಅತ್ತಿಮರ. ಅದರಿಂದ ಮಂಗಟ್ಟೆ, ಸಿಂಗಳೀಕ, ಕೆಂಜಳಿಲು, ಹಸಿರು ಪಾರಿವಾಳ, ಬಾವಲಿ, ಪುನುಗು ಬೆಕ್ಕು, ಅತ್ತಿಕಣಜ, ಹೀಗೆ ಏಳು ದಾರ. ಪುನುಗಿಗೆ ಬೈನೆಯಿಂದಲೂ ಒಂದು, ಮಂಗಟ್ಟೆಗೆ ಪೊಟರೆಯಿರುವ ಹಳೆ ಮರದಿಂದಲೂ ಒಂದು (ಹೆಣ್ಣು ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮರಿ ಮಾಡುತ್ತದೆ, ಗಂಡು ಬಿರುಕಿನಿಂದ ಹಣ್ಣು ಕೊಡುತ್ತದೆ). ಬದಿಯಲ್ಲಿ ಹುಲಿ–ಕಾಟಿ–ಹುಲ್ಲು, ಚಿಪ್ಪುಹಂದಿ–ಇರುವೆ. ಮೊದಲು ಇರುವೆ ಕೈಬಿಡಲಿ, ಬರಿಗೈಯಾದವರನ್ನು ಎಣಿಸಿ. ಮತ್ತೆ ಹಿಡಿಸಿ, ಅತ್ತಿ ಕೈಬಿಡಲಿ, ಎಣಿಸಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಅತ್ತಿಯ ಜಾತಿಯ ಮರಗಳಲ್ಲಿ ಒಂದಲ್ಲ ಒಂದು ಹಣ್ಣಾಗಿರುವುದೇ ಇಷ್ಟು ದಾರಗಳಿಗೆ ಕಾರಣ. ಕೊನೆಗೆ ಕಣಜ ಒಂದೇ ಕೈಬಿಡಲಿ. ಅತ್ತಿಯ ಹೂವಿಗೆ ಪರಾಗ ಮುಟ್ಟಿಸುವುದು ಆ ಸೊಳ್ಳೆಯಷ್ಟಿನ ಕಣಜವೇ, ಆದ್ದರಿಂದ ಅತ್ತಿಯೂ ಕೈಬಿಡಬೇಕು.

ಯಾರು ಎಷ್ಟು ಅಪಾಯದಲ್ಲಿ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಕೆಂಪು ಪಟ್ಟಿಯನ್ನು 1964ರಿಂದ ಇಟ್ಟಿದೆ. ಮೂರು ಡಬ್ಬಿ ಇಡಿ: ‘ತೀವ್ರ ಅಪಾಯ’, ‘ಅಳಿವಿನಂಚು’, ‘ಅಪಾಯಕ್ಕೆ ಈಡಾಗಬಲ್ಲವು’. ಮಕ್ಕಳು ಮೊದಲು ಊಹಿಸಿ ಚೀಟಿ ಹಾಕಲಿ. ಮೊದಲನೆಯದಕ್ಕೆ ಸೇರುವವು ಒರಾಂಗುಟಾನಿನ ಮೂರೂ ಜಾತಿ, ಸುಮಾತ್ರಾ ಘೇಂಡಾಮೃಗ, ಜಾವಾ ಘೇಂಡಾಮೃಗ, ವಿಯೆಟ್ನಾಮಿನಲ್ಲಿ 1992ರಲ್ಲಿ ಮೊದಲು ಬೆಳಕಿಗೆ ಬಂದ ಸಾವೊಲಾ ಎಂಬ ಕೊಂಬಿನ ಮೃಗ. ಎರಡನೆಯದಕ್ಕೆ ಹುಲಿ, ಏಷ್ಯಾದ ಆನೆ, ಸಿಂಗಳೀಕ, ಕಾಡುನಾಯಿ, ನಮ್ಮ ಚಿಪ್ಪುಹಂದಿ, ಮಲಯದ ಟೇಪಿರ್. ಮೂರನೆಯದಕ್ಕೆ ಕಾಟಿ, ಕರಡಿ, ಕಾಳಿಂಗ, ದೊಡ್ಡ ಮಂಗಟ್ಟೆ. ಚಾರ್ಮಾಡಿಯಲ್ಲಿ ಬಾಳೆಹಣ್ಣಿಗೆ ಕೈಚಾಚುವ ಕೋತಿಯೂ ಈಗ ಇಲ್ಲೇ. ಅದನ್ನು ಯಾರೂ ಈ ಡಬ್ಬಿಗೆ ಹಾಕುವುದಿಲ್ಲ. ಕಾಡುನಾಯಿಯದೂ ಹಾಗೆಯೇ. 2022ರ ಗಣತಿಯಲ್ಲಿ ಭಾರತದ ಹುಲಿಗಳು 3,682 ಎಂದು ಅಂದಾಜಾಯಿತು. ಮರಿ ಹಾಕುವ ವಯಸ್ಸಿನ ಕಾಡುನಾಯಿಗಳು ಇಡೀ ಜಗತ್ತಿನಲ್ಲೇ 2,500ಕ್ಕಿಂತ ಕಡಿಮೆ ಎಂದು ಅಂದಾಜು. ನವಿಲಿನ ಚೀಟಿಯನ್ನೂ ಬೆರೆಸಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲ ಪರಿಚ್ಛೇದದಲ್ಲಿ ಅದಕ್ಕೆ ರಕ್ಷಣೆ ಇದೆ, ಆದರೂ ಕೆಂಪು ಪಟ್ಟಿಯ ಅಪಾಯದಲ್ಲಿಲ್ಲ. ಎರಡು ಬೇರೆ ಬೇರೆ ಪಟ್ಟಿ ಎಂದು ತಿಳಿಸಲು ಅದು ಸಾಕು. ಪಟ್ಟಿ ಆಗಾಗ ಬದಲಾಗುವುದರಿಂದ ವರ್ಗವನ್ನು ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ.

ಹುರುಳಿಕಾಳಿನ ಲೆಕ್ಕ

ಇಷ್ಟಾದ ಮೇಲೆ ಬೋರ್ನಿಯೊ. ಒರಾಂಗುಟಾನ್ ತಾಯಿ ಒಂದು ಮರಿಯಿಂದ ಇನ್ನೊಂದು ಮರಿಗೆ ಏಳೆಂಟು ವರ್ಷ ತೆಗೆದುಕೊಳ್ಳುತ್ತದೆ. ಈ ನಿಧಾನ ಎಷ್ಟು ದುಬಾರಿ ಎಂದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ, ಕಾಳಿನಲ್ಲಿ ತಿಳಿಯುತ್ತದೆ.

ಪ್ರತಿ ಗುಂಪಿಗೆ ಒಂದು ತಟ್ಟೆ, ನೂರು ಹುರುಳಿಕಾಳು. ತಟ್ಟೆಯಲ್ಲಿ 40 ಕಾಳು, ಉಳಿದದ್ದು ಪಕ್ಕದ ಬಟ್ಟಲಲ್ಲಿ. ಒಂದು ಸುತ್ತು ಎಂದರೆ ಎಂಟು ವರ್ಷ. ಇರುವ ಕಾಳಿನ ಹತ್ತರಲ್ಲಿ ನಾಲ್ಕು ಪಾಲು ಮರಿ ಹಾಕುವ ಹೆಣ್ಣು, ಅಷ್ಟು ಮರಿ ಸೇರಿಸಿ. ಹತ್ತರಲ್ಲಿ ಮೂರು ಪಾಲು ಮುಪ್ಪಿಗೆ, ರೋಗಕ್ಕೆ ಹೋಗುತ್ತವೆ, ಅಷ್ಟು ತೆಗೆಯಿರಿ. ಎರಡನ್ನೂ ಸುತ್ತಿನ ಆರಂಭದ ಸಂಖ್ಯೆಯ ಮೇಲೇ ಲೆಕ್ಕ ಹಾಕಿ ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ಈ ಪಾಲುಗಳು ಆಟಕ್ಕಾಗಿ ಮಾಡಿಕೊಂಡವು, ಕಾಡಿನ ಎಣಿಕೆಯಲ್ಲ ಎಂದು ಮಕ್ಕಳಿಗೆ ಹೇಳಿ. ಏಳು ಸುತ್ತಿಗೆ ಹೀಗೆ ಬರಬೇಕು: 44, 49, 54, 60, 66, 72, 79.

ಈಗ ಮತ್ತೆ 40ರಿಂದ ಶುರು ಮಾಡಿ, ವರ್ಷಕ್ಕೆ ಒಂದೇ ಒಂದನ್ನು ಮನುಷ್ಯ ಕೊಂದ ಎಂದುಕೊಳ್ಳಿ. ಸುತ್ತಿಗೆ ಎಂಟು ಕಾಳು ಹೆಚ್ಚಿಗೆ ತೆಗೆಯಬೇಕು. 36, 31, 26, 20, 14, 8, 1.

ಅರವತ್ತು ವರ್ಷ ತುಂಬುವ ಮೊದಲೇ ಒಂದು ತಟ್ಟೆಯಲ್ಲಿ 79, ಇನ್ನೊಂದರಲ್ಲಿ 1. ವ್ಯತ್ಯಾಸ ವರ್ಷಕ್ಕೊಂದು ಕಾಳು. ಒಂದು ಗುಂಪಿನ ಉತ್ತರ ಬೇರೆ ಬಂದರೆ ಸಾಮಾನ್ಯವಾಗಿ ಮರಿ ಸೇರಿಸಿದ ಮೇಲಿನ ಮೊತ್ತದಿಂದ ಸಾವಿನ ಪಾಲು ತೆಗೆದಿರುತ್ತಾರೆ, ಅಲ್ಲಿ ನೋಡಿ. ಮರಿಯನ್ನು ಸಾಕಲು ಹಿಡಿಯುವವರು ತಾಯಿಯನ್ನು ಕೊಂದೇ ಹಿಡಿಯುತ್ತಾರೆ ಎಂಬುದನ್ನು ಆಡಿದ ಮೇಲೆ ಹೇಳಿ. ಆಗ ತೆಗೆಯಬೇಕಾದ ಕಾಳು ಎಷ್ಟು ಎಂದು ಮಕ್ಕಳೇ ಕೇಳುತ್ತಾರೆ. ನಮ್ಮ ಆನೆಗೂ ಇದೇ ಲೆಕ್ಕ ಆಡಿಸಬಹುದು. ಗರ್ಭವೇ ಸುಮಾರು 22 ತಿಂಗಳು.

ಕಾಡು ಹೋದದ್ದು ಎಲ್ಲಿಗೆ ಎಂಬುದಕ್ಕೆ ಮನೆಯಿಂದ ಬಿಸ್ಕತ್ತು, ಚಿಪ್ಸು, ಸೋಪಿನ ಹೊದಿಕೆ ತರಿಸಿ. ಪದಾರ್ಥಗಳ ಪಟ್ಟಿಯಲ್ಲಿ ‘ಪಾಮ್ ಎಣ್ಣೆ’, ‘ಪಾಮೋಲಿನ್’ (ಎರಡೂ ತಾಳೆ ಎಣ್ಣೆಯೇ) ಹುಡುಕಿ ಎಣಿಸಲಿ. ಅಕ್ಷರ ಸಣ್ಣದು, ಲಾಳಿಕೆಗೆ ತಂದ ಲೆನ್ಸ್ ಇಲ್ಲಿಗೂ ಆಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ ನಮ್ಮದೇ, ಬರುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ಬೋರ್ನಿಯೊ, ಸುಮಾತ್ರಾ ದ್ವೀಪಗಳ ಕಾಡು ಕಡಿದು ತಾಳೆ ತೋಟವಾದದ್ದೂ ಅಲ್ಲೇ. ಹಾಗೆಂದು ‘ಇನ್ನು ಮೇಲೆ ಬಿಸ್ಕತ್ತು ಬೇಡ’ ಎಂದು ಪ್ರತಿಜ್ಞೆ ಮಾಡಿಸುವುದು ಬೇಡ. ಎಕರೆಗೆ ಇಷ್ಟು ಎಣ್ಣೆ ಕೊಡುವ ಬೇರೆ ಬೆಳೆ ಇಲ್ಲ, ಬೇರೆ ಎಣ್ಣೆಗೆ ಹೋದರೆ ಇನ್ನೂ ಹೆಚ್ಚು ನೆಲ ಬೇಕು. ಹಳೆಯ ತೋಟದ ಎಣ್ಣೆಯೋ, ಕಾಡು ಕಡಿದ ನೆಲದ ಎಣ್ಣೆಯೋ ಎಂಬುದು ಹೊದಿಕೆ ನೋಡಿದರೆ ತಿಳಿಯುತ್ತದೆಯೇ ಎಂದು ಕೇಳಿ. ಎಂಟು, ಒಂಬತ್ತನೆಯ ತರಗತಿಯಲ್ಲಿ ಅದರ ಮೇಲೆ ಒಂದು ಪಿರಿಯಡ್ ಪೂರ್ತಿ ಚರ್ಚೆ ನಡೆಯುತ್ತದೆ. ತರಿಸುವ ಹೊದಿಕೆಗಳನ್ನು ಒರೆಸಿ ತರಲು ಹೇಳಿ. ಸಕ್ಕರೆ ಮೆತ್ತಿದ್ದನ್ನು ಡಬ್ಬಿಯಲ್ಲಿ ಬಿಟ್ಟರೆ ಮಾರನೆಯ ದಿನ ಇರುವೆಗಳ ಸಾಲು ಸೀರೆಯ ಕಾಡಿನವರೆಗೂ ಹರಿದಿರುತ್ತದೆ.